ನೇಪಥ್ಯದ ದುಡಿಮೆ ಮತ್ತು ಕಲಾವಿಮರ್ಶೆ

ಚಿತ್ರಶಾಲೆಯನ್ನು ಪ್ರವೇಶಿಸಿದ ಪ್ರೇಕ್ಷಕನಿಗೆ ಗೋಡೆಯ ಮೇಲಿನ ಚಿತ್ರ ಕಾಣುತ್ತದೆ. ಅದನ್ನು ಹೊತ್ತು ತಂದ ಹೆಗಲು, ಮೊಳೆ ಹೊಡೆದ ಕೈ, ಮಟ್ಟ ನೋಡಿದ ಕಣ್ಣು ಕಾಣುವುದಿಲ್ಲ. ಹೀಗೆ ಕಾಣದಿರುವುದೇ ಆ ಕೆಲಸದ ಅಚ್ಚುಕಟ್ಟಿಗೆ ಪ್ರಮಾಣವೆಂಬ ಭಾವನೆಯೂ ಬೇರೂರಿದೆ. ಕಲಾವಿದನ ದೇಹವ್ಯಾಪಾರವೇ ಕೃತಿಯಾಗುವ ‘ಪರ್ಫಾರ್ಮೆನ್ಸ್ ಆರ್ಟ್’ ಎಂಬ ಪ್ರಕಾರ, ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ಮರೆಯ ಕೆಲಸವನ್ನೇ ತನ್ನ ವಸ್ತುವಾಗಿ ಆರಿಸಿಕೊಂಡಿತು. ಮರೆಯನ್ನು ಸರಿಸಿದ ಮಾತ್ರಕ್ಕೆ ದುಡಿದವನಿಗೆ ನ್ಯಾಯ ದೊರೆಯುವುದೆ? ಈ ಪ್ರಶ್ನೆಯನ್ನು ನಮ್ಮ ನೆಲದ ರಂಗಪದ್ಧತಿಯೊಂದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೇಪಥ್ಯದ ಕೆಲಸ ನಮ್ಮ ಶಾಸ್ತ್ರಕಾರರ ಗಮನಕ್ಕೆ ಬಾರದುದೇನಲ್ಲ. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗವನ್ನು ವಿವರಿಸುತ್ತದೆ. ಅದರ ಮೊದಲ ಒಂಬತ್ತು ಅಂಗಗಳು ತೆರೆಯ ಒಳಗೆ ನಡೆಯತಕ್ಕವು. ವಾದ್ಯಗಳನ್ನು ಅಣಿಗೊಳಿಸಿಡುವುದು ಪ್ರತ್ಯಾಹಾರ. ಗಾಯಕರು ತಮ್ಮ ಸ್ಥಾನಗಳಲ್ಲಿ ಕುಳಿತುಕೊಳ್ಳುವುದು ಅವತರಣ. ನಾವು ಬರಿಯ ಸಿದ್ಧತೆಯೆಂದು ತಳ್ಳಿಬಿಡುವ ಕೆಲಸಕ್ಕೆ ಭರತನು ಹೆಸರಿಟ್ಟನು, ಪ್ರಯೋಗದ ಅಂಗವೆಂದೇ ಎಣಿಸಿದನು. ಆದರೆ ತೆರೆಯನ್ನು ಮಾತ್ರ ತೆಗೆಯಲಿಲ್ಲ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತ. ದೇಗುಲಗಳಲ್ಲಿ ಅಲಂಕಾರ ನಡೆಯುವಾಗ ಗರ್ಭಗುಡಿಗೆ ತೆರೆ ಎಳೆಯುವುದು ವಾಡಿಕೆ. ತೆರೆ ಸರಿದಾಗ ಭಕ್ತನು ಕಾಣುವುದು ದೇವಿಯನ್ನು, ಹೂ ಕಟ್ಟಿದ ಕೈಯನ್ನಲ್ಲ. ದೃಷ್ಟಿ ದೇವಿಯಲ್ಲಿಯೇ ನೆಲಸಬೇಕಾದ ಆ ಸ್ಥಳದಲ್ಲಿ ಈ ಮರೆ ಉಚಿತವೇ ಸರಿ. ಆದರೆ ಗೊರವನಹಳ್ಳಿಯನ್ನು ಒಳಗೊಂಡ ಈ ಮೂಡಣ ಸೀಮೆಯ ಆಟವಾದ ಮೂಡಲಪಾಯದ ರೀತಿ ಬೇರೆ. ಅಟ್ಟದಾಟವೆಂದೂ ಕರೆಯಲ್ಪಡುವ ಈ ಬಯಲಾಟದ ಅಟ್ಟವನ್ನು ಕಟ್ಟುವುದು ಊರವರ ಕಣ್ಣೆದುರಿಗೆ. ಪಾತ್ರ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ. ಹಿಡಿದವರು ಸಭೆಗೆ ಕಾಣುತ್ತಲೇ ಇರುತ್ತಾರೆ. ತೆರೆ ಸರಿದೊಡನೆ ಸಾರಥಿಯು ಪಾತ್ರವನ್ನು ‘ತಾವಾರು?’ ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಹೆಸರು, ಊರು, ಪ್ರತಾಪಗಳನ್ನು ಸಾರುತ್ತದೆ. ತೆರೆ ಹಿಡಿದವನನ್ನು ಯಾರೂ ವಿಚಾರಿಸುವುದಿಲ್ಲ.

ಈ ಮೌನಕ್ಕೆ ಸಾಮಾಜಿಕವಾದ ಕಾರಣವೂ ಉಂಟು. ವಿದ್ಯುದ್ದೀಪ ಬರುವ ಮುನ್ನ ಹಳ್ಳಿಯ ಉತ್ಸವಗಳಲ್ಲಿ ಪಂಜು ಹಿಡಿಯುವುದು, ಮಡಿ ಹಾಸುವುದು ಅಗಸರ ಪಾಲಿನ ಕೆಲಸವಾಗಿತ್ತು. ಇತರ ಕೆಲಸಗಳೂ ಹಾಗೆಯೇ ಹುಟ್ಟಿನಿಂದ ಹಂಚಿಕೆಯಾಗಿದ್ದವು. ದುಡಿಮೆ ಬಯಲಿನಲ್ಲಿಯೇ ನಡೆಯುತ್ತಿತ್ತು. ಆದರೆ ಅದಕ್ಕೆ ಕುಲದ ಹೆಸರಿತ್ತೇ ಹೊರತು ದುಡಿದವನ ಹೆಸರಿರಲಿಲ್ಲ. ಚಿತ್ರಶಾಲೆ ಕೆಲಸವನ್ನು ಮರೆಮಾಡಿತು. ಹಳ್ಳಿ ಅದನ್ನು ಕಂಡೂ ಗಣಿಸಲಿಲ್ಲ. ಆದುದರಿಂದ ಕಣ್ಣಿಗೆ ಬೀಳುವುದೇ ಮಾನ್ಯತೆಯೆಂದು ಭಾವಿಸಲಾಗದು.

ಈ ಒರೆಗಲ್ಲಿನಿಂದ ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಅವರ ಪ್ರಯೋಗಗಳನ್ನು ಪರೀಕ್ಷಿಸಬಹುದು. ತಾಯಿಯಾದ ಮೇಲೆ, 1969ರಲ್ಲಿ ಅವರು ಬರೆದ ಘೋಷಣಾಪತ್ರ, ಗುಡಿಸುವ, ಒರೆಸುವ, ಕಾಪಾಡುವ ನಿತ್ಯದ ಕೆಲಸವನ್ನೇ ‘ನಿರ್ವಹಣಾ ಕಲೆ’ಯೆಂದು ಸಾರಿತು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ವಾಡ್ಸ್‌ವರ್ತ್ ಅಥೀನಿಯಮ್ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನೂ ಒಳಗಿನ ನೆಲವನ್ನೂ ಅವರು ಗಂಟೆಗಟ್ಟಲೆ ತಾವೇ ತೊಳೆದರು. ಅಲ್ಲಿಯೇ ಮಮ್ಮಿಯನ್ನಿರಿಸಿದ ಗಾಜಿನ ಪೆಟ್ಟಿಗೆಯೊಂದನ್ನು ಮೊದಲು ಸಂಗ್ರಹಾಲಯದ ಕೆಲಸಗಾರನು ಎಂದಿನಂತೆ ಒರೆಸಿದನು. ಅನಂತರ ಯೂಕಲೀಸ್ ಒರೆಸಿ, ಅದು ಕಲಾಕೃತಿಯೆಂದು ಮುದ್ರೆಯೊತ್ತಿದರು. ಆ ಬಳಿಕ ಅದನ್ನು ಒರೆಸುವ ಅಧಿಕಾರ ಸಂರಕ್ಷಣತಜ್ಞನದಾಯಿತು. ಬಟ್ಟೆಯೂ ಗಾಜೂ ಬದಲಾಗಲಿಲ್ಲ. ಬದಲಾದುದು ಕೈಯ ಅಂತಸ್ತು. ಸಂಸ್ಥೆಯ ಶ್ರೇಣೀಕರಣವನ್ನು ಇಷ್ಟು ಸರಳವಾಗಿ ಬಯಲಿಗೆಳೆದ ಪ್ರಯೋಗ ವಿರಳ. ಆದರೂ ಮೊದಲು ಒರೆಸಿದವನು ಇಲ್ಲಿ ನಿದರ್ಶನವಾಗಿಯೇ ಉಳಿದನು. ಮೂಡಲಪಾಯದ ತೆರೆ ಹಿಡಿದವನಂತೆ ಅವನೂ ಕಂಡನು, ಮಾತಾಡಲಿಲ್ಲ.

ಈ ಕೊರತೆ 1976ರ ಪ್ರಯೋಗದಲ್ಲಿ ಬಹುಮಟ್ಟಿಗೆ ನೀಗಿತೆಂದು ನಮ್ಮ ಅಭಿಪ್ರಾಯ. ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಶಾಖೆಯಿದ್ದ ಕಟ್ಟಡದ 300 ನಿರ್ವಹಣಾ ಕೆಲಸಗಾರರನ್ನು, ದಿನದ ಒಂದು ಗಂಟೆಯ ಕೆಲಸವನ್ನು ಕಲೆಯೆಂದು ಭಾವಿಸಿ ನಡೆಸುವಂತೆ ಯೂಕಲೀಸ್ ಕೋರಿದರು. ಅವರ ಛಾಯಾಚಿತ್ರ ತೆಗೆದು, ಮಾಡುತ್ತಿದ್ದುದು ಕಲೆಯೋ ಕೆಲಸವೋ ಎಂದು ಅವರನ್ನೇ ಕೇಳಿ, ಉತ್ತರದಂತೆಯೇ ಚಿತ್ರಕ್ಕೆ ಶೀರ್ಷಿಕೆ ಬರೆದರು. ಸಾರಥಿಯ ಪ್ರಶ್ನೆ ಇಲ್ಲಿ ಕೊನೆಗೂ ತೆರೆ ಹಿಡಿದವನಿಗೆ ಸಂದಿತು. ‘ಇದು ಕೆಲಸ’ ಎನ್ನುವ ಹಕ್ಕೂ ಅವನಿಗೆ ಉಳಿಯಿತೆಂಬುದು ಗಮನಾರ್ಹ. ಮುಂದೆ 1979-80ರಲ್ಲಿ ಅವರು ಆ ನಗರದ ಸುಮಾರು 8,500 ನೈರ್ಮಲ್ಯ ಕಾರ್ಮಿಕರ ಕೈಕುಲುಕಿ ಕೃತಜ್ಞತೆ ಹೇಳಿದರು. ಇಷ್ಟಾದರೂ ಕಲೆಯ ಇತಿಹಾಸದಲ್ಲಿ ನಿಂತ ಹೆಸರು ಯೂಕಲೀಸರದೇ. ಇದು ಅವರ ದೋಷವೆನ್ನುವುದಕ್ಕಿಂತ, ಒಬ್ಬನೇ ಕರ್ತೃವನ್ನು ಅರಸುವ ವಿಮರ್ಶೆಯ ದೋಷವೆನ್ನಬೇಕು.

ಆ ವಿಮರ್ಶೆ ನಮ್ಮದೂ ಹೌದು. ಇದೇ ಜಿಲ್ಲೆಯ ಗುಬ್ಬಿ ಕಂಪನಿಯ 1934ರ ‘ಕುರುಕ್ಷೇತ್ರ’ದ ಆನೆ ಕುದುರೆಗಳನ್ನು ಇಂದಿಗೂ ಕೊಂಡಾಡುವ ನಾವು, ಅವುಗಳನ್ನು ರಂಗಕ್ಕೆ ನಡೆಸಿ ತಂದವರನ್ನು ನೆನೆಯುವುದಿಲ್ಲ. ಬಯಲಾಟವನ್ನು ದಾಖಲಿಸಲು ಹೊರಡುವ ವಿದ್ಯಾರ್ಥಿ ಪ್ರಸಂಗದ ಪಾಠವನ್ನೂ ಭಾಗವತನ ಪರಂಪರೆಯನ್ನೂ ಬರೆದುಕೊಳ್ಳಲಿ. ಅದೇ ಹಾಳೆಯಲ್ಲಿ ಅಟ್ಟ ಕಟ್ಟಿದವರು ಯಾರು, ದೀಪ ನೋಡಿಕೊಂಡವರು ಯಾರು, ತೆರೆ ಹಿಡಿದವರು ಯಾರು ಎಂದು ಅವರವರನ್ನೇ ಕೇಳಿ, ಅವರು ಒಪ್ಪಿದರೆ ಹೆಸರನ್ನೂ ಬರೆದುಕೊಳ್ಳಲಿ. ಇದರಿಂದ ವಿಮರ್ಶೆಯ ಪಾಂಡಿತ್ಯಕ್ಕೆ ಕುಂದುಂಟಾಗದು. ಪ್ರಯೋಗವೆಂಬ ಮಾತಿನ ಅರ್ಥ ಮಾತ್ರ ಭರತನು ಎಣಿಸಿದಷ್ಟು ವಿಶಾಲವಾದೀತು.