ವೃತ್ತ ಸಿಕ್ಕಿತು, ದೇವರು?

ದೇವರಿದ್ದಾನೆ ಅಂತ ಒಬ್ಬ ನಾಸ್ತಿಕ ಒಪ್ಪಬೇಕಾದರೆ ಅವನಿಗೆ ಏನು ಅನುಭವವಾಗಬೇಕು? ಈ ಪ್ರಶ್ನೆಗೆ ಕೈಹಾಕಿದ ಸಿನಿಮಾಗಳು ಕಡಿಮೆ. ರಾಬರ್ಟ್ ಝೆಮೆಕಿಸ್‌ನ 'ಕಾಂಟ್ಯಾಕ್ಟ್' (1997) ಅಂಥದ್ದೊಂದು. ಕಾರ್ಲ್ ಸೇಗನ್ 1985ರಲ್ಲಿ ಬರೆದ ಅದೇ ಹೆಸರಿನ ಕಾದಂಬರಿ ಅದರ ಮೂಲ. ಸಿನಿಮಾ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ, ಪುಸ್ತಕ ಓದಿರೋದು ಅನುಮಾನ. ಎರಡರ ಉತ್ತರವೂ ಬೇರೆ ಬೇರೆ. (ಮುಂದೆ ಕಥೆಯ ಕೊನೆಯನ್ನೂ ಹೇಳಿಬಿಡ್ತೀನಿ, ಎಚ್ಚರ.)

ಸಿನಿಮಾದ ಎಲಿ ಖಗೋಳ ವಿಜ್ಞಾನಿ. ಪುರಾವೆ ಇಲ್ಲದ್ದನ್ನು ನಂಬದವಳು. ಯಂತ್ರದ ಗೋಳದೊಳಗೆ ಕೂತು ನಕ್ಷತ್ರಗಳಾಚೆ ಹೋಗ್ತಾಳೆ, ಸತ್ತ ಅಪ್ಪನ ರೂಪದಲ್ಲಿ ಬಂದ ಯಾರೋ ಒಬ್ಬರನ್ನು ಮಾತಾಡಿಸ್ತಾಳೆ. ಅವಳ ಲೆಕ್ಕದಲ್ಲಿ ಅದು 18 ಗಂಟೆ. ಹೊರಗಿದ್ದವರು ಕಂಡಿದ್ದು ಇಷ್ಟೇ: ಗೋಳ ಸೀದಾ ಕೆಳಗೆ ಬಿತ್ತು. ವಿಚಾರಣೆಯಲ್ಲಿ ಅವಳು ಭ್ರಮೆ ಇರಬಹುದು ಅಂತ ಒಪ್ತಾಳೆ. ಆದರೆ ಆಗಿದ್ದನ್ನು ಆಗಿಲ್ಲ ಅನ್ನೋಕೆ ಅವಳಿಂದ ಆಗಲ್ಲ.

ಇಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಝೆಮೆಕಿಸ್‌ಗೆ ಧೈರ್ಯ ಸಾಲಲಿಲ್ಲ. ಅವಳ ಕ್ಯಾಮೆರಾದಲ್ಲಿ ಚಿತ್ರವೇನೂ ಇಲ್ಲ, ಬರೀ ಸ್ಟ್ಯಾಟಿಕ್. ಆದರೆ ಅದು 18 ಗಂಟೆ ಉದ್ದ ಇದೆ ಅಂತ ಇಬ್ಬರು ಅಧಿಕಾರಿಗಳ ಬಾಯಲ್ಲಿ ನಮಗೆ ಹೇಳಿಸಿಬಿಡ್ತಾನೆ. ಪಾಪ, ಎಲಿ ಬರೀ ನಂಬಿಕೆಯಲ್ಲಿ ಬದುಕಬೇಕು. ನಾವು ರಸೀದಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದು.

ಕಾದಂಬರಿಯಲ್ಲಿ ಹೋಗೋದು ಐದು ಜನ. ಅವರನ್ನೂ ಯಾರೂ ನಂಬಲ್ಲ. ಆದರೆ ಅಲ್ಲಿ ಎಲಿಗೆ ಒಂದು ಸುಳಿವು ಸಿಕ್ಕಿರುತ್ತೆ: ಪೈ ಒಳಗೆ ಹುಡುಕು. ಕೊನೆಗೆ ಅವಳ ಕಂಪ್ಯೂಟರ್, ಪೈಯನ್ನು 11ರ ಆಧಾರದಲ್ಲಿ ಬರೆದಾಗ ಎಲ್ಲೋ ಬಹಳ ದೂರದಲ್ಲಿ ಸೊನ್ನೆ-ಒಂದುಗಳಿಂದಾದ ಒಂದು ವೃತ್ತವನ್ನು ಪತ್ತೆಮಾಡುತ್ತೆ. ವಿಶ್ವ ಕಟ್ಟಿದವರ ಸಹಿ.

ಗಣಿತದವರು ನಗಬಹುದು. ಪೈನ 762ನೇ ದಶಮಾಂಶ ಸ್ಥಾನದಿಂದ ಸತತವಾಗಿ ಆರು 9 ಬರ್ತವೆ, ಅದಕ್ಕೆ ಯಾರೂ ಮಂಗಳಾರತಿ ಎತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಪೈ ಅನ್ನೋದು ಎಲೆಕ್ಟ್ರಾನ್‌ನ ತೂಕದ ಥರ ಅಲ್ಲ. ವಿಶ್ವ ಕಟ್ಟುವವರು ತಮಗೆ ಬೇಕಾದ ಹಾಗೆ ತಿರುಗಿಸೋಕೆ ಅಲ್ಲಿ ತಿರುಪೇ ಇಲ್ಲ. ಸಹಿ ಹಾಕೋದಾದರೂ ಎಲ್ಲಿ?

ಆದರೂ ಸೇಗನ್ ಉತ್ತರವೇ ನನಗೆ ಹೆಚ್ಚು ಹಿಡಿಸುತ್ತೆ, ಅದು ಪೈ ದೆಸೆಯಿಂದಲ್ಲ. ಬರೀ ಪಯಣವಾಗಿದ್ದರೆ ಮನೋವೈದ್ಯರ ಹತ್ತಿರ ಹೋಗು ಅಂತಿದ್ದರು. ಬರೀ ವೃತ್ತವಾಗಿದ್ದರೆ ಯಾರೋ ಒಂದು ಪೇಪರ್ ಬರೆದು ಪ್ರಕಟಿಸ್ತಿದ್ದರು, ಯಾರ ಕೈಯೂ ಮುಗಿಯೋಕೆ ಏಳ್ತಿರಲಿಲ್ಲ. ಇಲ್ಲಿ ಒಬ್ಬಳ ಒಳಗಿನ ಅನುಭವ, ಅವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಒಂದು ಸಂಗತಿ ಹೇಳಿ ಕಳಿಸುತ್ತೆ. ಆಮೇಲೆ ಅವಳ ಪರಿಚಯವೇ ಇಲ್ಲದವರೂ ಕೂತು ಲೆಕ್ಕ ಹಾಕಿ ನೋಡಬಹುದು. ನನ್ನ ಮಟ್ಟಿಗೆ, ಮನಸ್ಸು ಬದಲಾಯಿಸೋಕೆ ಇಂಥದ್ದೇ ಆಗಬೇಕು. ಬೆಳಕು ಕಂಡಿತು, ಕಣ್ಣೀರು ಬಂತು ಅಂದರೆ ಸಾಲದು.

ಸೇಗನ್ ಅಲ್ಲೂ ಒಂದು ಕೊಂಕಿ ಇಟ್ಟಿದ್ದಾನೆ. ಸುಳಿವು ಕೊಟ್ಟವರು ಆ ಸಂದೇಶ ಬರೆದವರಲ್ಲ. ಬರೆದವರು ಯಾರು ಅಂತ ಅವರಿಗೂ ಗೊತ್ತಿಲ್ಲ.