ಬಾಡಿಗೆ ಕೋಟು, ಸ್ವಂತ ಮುಖ

1909ರಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಬ್ರಿಟಿಷ್ ಅಧಿಕಾರಿ ದಕ್ಷಿಣ ಭಾರತದ ಜಾತಿಗಳನ್ನು ಏಳು ಸಂಪುಟಗಳಲ್ಲಿ ಪಟ್ಟಿಮಾಡಿ ಹೊರತಂದ. ಜನರ ಮೂಗು ಅಳೆದ, ಫೋಟೋ ಹಾಕಿದ. ಅವನಿಗೆ ಬೇಕಿದ್ದದ್ದು ಜಾತಿ, ಕಸುಬು, ಮನುಷ್ಯನಲ್ಲ.

ಕ್ಯಾಮರಾದ ಮುಂದೆ ಕೂತವನೇ ಯಜಮಾನನಾದರೆ? ಪಶ್ಚಿಮ ಆಫ್ರಿಕಾದ ಬಮಾಕೊದಲ್ಲಿ 1948ರಲ್ಲಿ ಸೇದು ಕೇಟಾ ಸ್ಟುಡಿಯೋ ತೆರೆದ. ಕೋಟು, ವಾಚು, ಪೆನ್ನು, ರೇಡಿಯೋ ಎಲ್ಲ ಅಲ್ಲೇ ಇಟ್ಟಿದ್ದ. ಜನ ಕಾಸು ಕೊಟ್ಟು, ತಾವು ಹೇಗೆ ಕಾಣಬೇಕೋ ಹಾಗೆ ಕೂತರು.

ನಂಜನಗೂಡು, ತಿ. ನರಸೀಪುರದ ನಮ್ಮ ಕೇರಿಗಳ ಗೋಡೆ ನೋಡಿ. ಕೋಟು ತೊಟ್ಟ ಬ್ಯಾರಿಸ್ಟರ್ ಬಾಬಾಸಾಹೇಬರು; ಪಕ್ಕದಲ್ಲೇ ಬಾಡಿಗೆ ಕರಿ ಗೌನಿನಲ್ಲಿ ಡಿಗ್ರಿ ಮುಗಿಸಿದ ಮಗಳು. ಇದನ್ನ ವೇಷ ಅಂತ ಮೂಗು ಮುರಿಯೋರಿದ್ದಾರೆ. ಹಾಗಾದ್ರೆ ಥರ್ಸ್ಟನ್ ತೋರಿಸಿದ್ದು ನಿಜವಾ? ಹುಟ್ಟಿನ ಕಸುಬನ್ನ ಮುಖಕ್ಕೆ ಅಂಟಿಸಿದ ಚಿತ್ರಕ್ಕಿಂತ ಬಾಡಿಗೆ ಕೋಟಿನ ಚಿತ್ರವೇ ಹೆಚ್ಚು ಸತ್ಯ. ಅದರಲ್ಲಿ ಕೂತವರ ಇಚ್ಛೆ ಇದೆ.

ಆದರೂ ಒಂದು ಮಾತು. ಪೆನ್ನು ಹಿಡಿದ ಫೋಟೋ ಉಂಟು, ತಮಟೆ ಹಿಡಿದದ್ದು ಯಾಕಿಲ್ಲ? ಆ ನಾಚಿಕೆ ನಮ್ಮದಲ್ಲ, ಕಸುಬನ್ನ ಬಲವಂತವಾಗಿ ಹೊರಿಸಿದವರದ್ದು. ಹೋರಾಟದ ಬೀದೀಲಿ ತಮಟೆ ಆಗಲೇ ತಲೆಯೆತ್ತಿದೆ. ಸ್ಟುಡಿಯೋ ಕುರ್ಚಿ ಮೇಲೂ ಬರಲಿ. ಆದರೆ ಅದನ್ನ ಕೈಗೆ ಕೊಡೋನು ಫೋಟೋದವನಾಗಬಾರದು, ಬಡಿಯೋನೇ ತರಬೇಕು.