ಜೀರ್ಣೋದ್ಧಾರದ ಬೆಲೆ

ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಹರಾಜು ಹಾಕುವವರು ಪ್ರತಿಯೊಂದು ಕಾರಿಗೂ ಒಂದು ವರ್ಣನೆ ಬರೆಸಿ ಕ್ಯಾಟಲಾಗಿನಲ್ಲಿ ಪ್ರಕಟಿಸುತ್ತಾರೆ. ಅವನ್ನು ಸಾಹಿತ್ಯವೆಂದು ಯಾರೂ ಕರೆದಿಲ್ಲ, ನಾನೂ ಕರೆಯುವುದಿಲ್ಲ. ಆದರೂ ಈಚೆಗೆ ಎರಡು ತಿಂಗಳು ಅವನ್ನೇ ಓದಿದ್ದೇನೆ. ಡೆಟ್ರಾಯಿಟ್ ನಗರದ ಬಳಿ ನೆಲಸಿ, ಮೋಟಾರು ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿರುವ ನನ್ನ ಕಾಲೇಜು ದಿನಗಳ ಗೆಳೆಯ, ತನ್ನ 1965ರ ಪಾಂಟಿಯಾಕ್ ಜಿ.ಟಿ.ಒ. ಕಾರನ್ನು ಮಾರಲು ಹೊರಟು, ತಾನೇ ಬರೆದ ವರ್ಣನೆಯನ್ನು ನನಗೆ ಕಳುಹಿಸಿದ. "ಪುಸ್ತಕಗಳಿಗೆ ಬೆಲೆ ಕಟ್ಟುವವನಲ್ಲವೇನಯ್ಯ ನೀನು, ಇದನ್ನೂ ಸ್ವಲ್ಪ ನೋಡು" ಎಂದು ಒಕ್ಕಣೆ. ತಿದ್ದುವ ಮೊದಲು ಆ ಜಾತಿಯ ಬರವಣಿಗೆಯನ್ನಷ್ಟು ಓದಿಕೊಳ್ಳಬೇಕೆನಿಸಿತು.

ಮಸಲ್ ಕಾರೆಂದರೆ ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ, ಹರೆಯದವರ ಕೈಗೆಟುಕುವ ಬೆಲೆಗೆ ಮಾರಿದ ವಾಹನ. 1964ರಿಂದ ಹತ್ತು ವರ್ಷ ಅದರ ಆರ್ಭಟ ನಡೆಯಿತು. ಹೊಗೆಯ ಕಾನೂನು, ವಿಮೆಯ ದರ, 1973ರ ತೈಲದ ಬಿಕ್ಕಟ್ಟು, ಮೂರೂ ಸೇರಿ ಅದನ್ನು ಮುಗಿಸಿದವು. ಅಂದಿನ ಹುಡುಗರಿಗೆ ತಲೆ ನೆರೆತು ಕೈಯಲ್ಲಿ ಕಾಸಾಡತೊಡಗಿದ ಮೇಲೆ, ತುಕ್ಕು ಹಿಡಿದು ನಿಂತಿದ್ದ ಕಾರುಗಳಿಗೆ ಜೀರ್ಣೋದ್ಧಾರದ ಯೋಗ ಬಂತು.

ಕ್ಯಾಟಲಾಗಿನ ಶೈಲಿ ಒಂದೇ ಅಚ್ಚಿನದು. ಒಡಲನ್ನು ಚೌಕಟ್ಟಿನಿಂದ ಕಳಚಿದರು, ಕಂಬಿಗೆ ಸಿಕ್ಕಿಸಿ ಮಾಂಸ ಸುಡುವವರ ಹಾಗೆ ತಿರುಗಿಸಿ ಅಡಿಯನ್ನೂ ಉಜ್ಜಿದರು, ಬಣ್ಣದ ಮೇಲೆ ಬಣ್ಣ ಕೊಟ್ಟು ಕನ್ನಡಿಯಂತೆ ಮಾಡಿದರು, ಖರ್ಚಿಗೆ ಹಿಂದುಮುಂದು ನೋಡಲಿಲ್ಲ. ವಿಶೇಷಣಗಳೆಲ್ಲ ಬಣ್ಣದ ಪಾಲು. ಎಂಜಿನ್ನಿನ ಪ್ರಸ್ತಾಪ ಬಂದೊಡನೆ ಲೇಖನಿ ಬಹಳ ಮಿತವಾಗುತ್ತದೆ. "ಸರಿಯಾದ ಎಂಜಿನ್ ಇದೆ" ಎಂದಿಷ್ಟೆ. ಈ "ಸರಿಯಾದ" ಎಂಬುದರ ಅರ್ಥ ತಿಳಿಯಲು ನನಗೆ ಕೆಲವು ದಿನಗಳೇ ಹಿಡಿದವು. ಆ ಕಾರಿನೊಡನೆ ಹುಟ್ಟಿದ ಎಂಜಿನ್ ಎಂದು ಅದರ ಅರ್ಥವಲ್ಲ. ಅದೇ ಬಗೆಯ, ಅದೇ ಕಾಲದ ಎಂಜಿನ್, ಬೇರೆಲ್ಲಿಂದಲೋ ತಂದದ್ದು ಎಂದರ್ಥ. ಜೊತೆಯಲ್ಲೇ ಹುಟ್ಟಿದ್ದಾದರೆ "ಮೂಲ" ಎನ್ನುತ್ತಿದ್ದರು, ಇಲ್ಲವೆ "ಸಂಖ್ಯೆಗಳು ಹೊಂದುತ್ತವೆ" ಎನ್ನುತ್ತಿದ್ದರು. ಸಾಧಾರಣ ಕಾರಿಗೆ ಹೆಸರಾಂತ ಕಾರಿನ ವೇಷ ತೊಡಿಸಿದ್ದರೆ ಅದು "ಗೌರವಾರ್ಪಣೆ"! ನಮ್ಮ ಅಭಿನಂದನ ಗ್ರಂಥಗಳ ಸಂಪಾದಕರಿಗೂ ಇಷ್ಟು ನಯ ಬಾರದು.

ಗೆಳೆಯನ ವರ್ಣನೆಯಲ್ಲಿ "ಅಪ್ಪಟ ಜಿ.ಟಿ.ಒ." ಎಂಬ ಮಾತಿತ್ತು. ಅಪ್ಪಟವೆಂಬುದಕ್ಕೆ ಆಧಾರವೇನೆಂದು ಕೇಳಿದೆ. ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಅದರ ಹಿಂದೆ ಒಂದು ಕಥೆಯಿದೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಆಗ ಜನರಲ್ ಮೋಟಾರ್ಸಿನ ಕಟ್ಟಳೆಯಿತ್ತು. ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ್ದನ್ನು ಕೂರಿಸಬೇಕೆಂದು ಹಟ ತೊಟ್ಟಿದ್ದರು. ಹೊಸ ಕಾರನ್ನೇ ಹೊರತಂದರೆ ಮೇಲಿನವರು ತಡೆಯುತ್ತಾರೆ; ಆದ್ದರಿಂದ 1964ರಲ್ಲಿ ಜಿ.ಟಿ.ಒ.ವನ್ನು ಕಾರೆಂದು ಕರೆಯದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿನ ಮೇಲೆ ಸುಮಾರು 296 ಡಾಲರ್ ಹೆಚ್ಚಿಗೆ ಕೊಟ್ಟರೆ ಸಿಗುವ ಒಂದು ಐಚ್ಛಿಕ ಪರಿಕರವೆಂದು ಬೆಲೆಪಟ್ಟಿಗೆ ಸೇರಿಸಿದರು. ಆ ವರ್ಷವೇ 32,450 ಮಾರಾಟವಾದವು. ಮೇಲಧಿಕಾರಿಗಳ ಕಣ್ಣಿಗೆ ಮಣ್ಣೆರಚಿದ ಆ ಜಾಣತನ ಇಂದು ಬೆಲೆ ಕಟ್ಟುವವನ ತಲೆಯ ಮೇಲೆ ಬಂದು ಕುಳಿತಿದೆ. 1966ರಲ್ಲಿ ಜಿ.ಟಿ.ಒ. ಸ್ವತಂತ್ರ ಕಾರಾಗಿ, ಅದರ ನೋಂದಣಿ ಸಂಖ್ಯೆ 242 ಎಂದು ಮೊದಲಾಯಿತು. ಅದಕ್ಕೆ ಹಿಂದಿನ ಎರಡು ವರ್ಷಗಳ ಸಂಖ್ಯೆಗಳಲ್ಲಿ ಜಿ.ಟಿ.ಒ.ಗೂ ಬರಿಯ ಲೆಮಾನ್ಸಿಗೂ ಭೇದವಿಲ್ಲ. ಲೆಮಾನ್ಸಿನ 326ರ ಎಂಜಿನ್ ಕೂಡ ಹೊರನೋಟಕ್ಕೆ 389ರಂತೆಯೇ ಇರುತ್ತದೆ. ಕ್ರೈಸ್ಲರಿನವರ ಕಾರಾದರೆ ಈ ತಾಪತ್ರಯವಿಲ್ಲ. ಸಂಖ್ಯೆಯ ಐದನೆಯ ಸ್ಥಾನದಲ್ಲಿ "ಆರ್" ಅಕ್ಷರವಿದ್ದರೆ 426ರ ಹೆಮಿ ಎಂಜಿನ್ನಿನೊಡನೆ ಹುಟ್ಟಿದ ಕಾರು. ಅಂಥ 1971ರ ಪ್ಲಿಮತ್ ಕೂಡಾ, ಮಡಚುವ ಛಾವಣಿಯದು, 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

1965ರ ಪಾಂಟಿಯಾಕಿಗಾದರೆ ಕಾರ್ಖಾನೆಯ ಕಾಗದವೊಂದೇ ಗತಿ. ಅಂದಿನ ಬಿಲ್ಲುಗಳ ನಕಲನ್ನು ಶುಲ್ಕ ಪಡೆದು ಕಳುಹಿಸುವ ವ್ಯವಸ್ಥೆ ಅಲ್ಲಿದೆ. ಗೆಳೆಯ ಬರೆದು ತರಿಸಿಕೊಂಡ. ಕಾರು ಕಾರ್ಖಾನೆಯಿಂದ ಹೊರಟದ್ದು 326ರ ಎಂಜಿನ್ನಿನ ಲೆಮಾನ್ಸ್ ಆಗಿ. ಮಾರಿದವನ ಮಾತನ್ನು ನಂಬಿ ಕೊಂಡು, ಆರು ವರ್ಷ ರಜೆಯ ದಿನಗಳನ್ನೆಲ್ಲ ಅದಕ್ಕೆ ಸುರಿದಿದ್ದ. ನಿವೃತ್ತಿಯ ಹಣದ ಒಂದು ಭಾಗವೂ ಅದರಲ್ಲಿ ಕರಗಿತ್ತು. ಮರಳು ಹೊಡೆಸಿ ಹಳೆಯ ಬಣ್ಣವನ್ನು ತೆಗೆಸುವಾಗ, ಲೆಮಾನ್ಸಿನ ಲಾಂಛನಗಳಿದ್ದ ತೂತುಗಳು ಸಿಕ್ಕಿದ್ದರೂ ಸಿಕ್ಕಿರಬಹುದು, ಮುಚ್ಚಿಸಿದವನು ಅವನೇ.

"ಎಂಜಿನ್ ಅದೇ, ಮೂರು ಕಾರ್ಬ್ಯುರೇಟರ್ ಅವೇ, ಓಟವೂ ಅದೇ. ಒಂದು ಕಾಗದದ ಮೇಲೆ ಬೆಲೆ ಬೀಳುವುದೆಂದರೆ ಇದೆಂಥ ನ್ಯಾಯವಯ್ಯ?" ಎಂದು ಫೋನಿನಲ್ಲಿ ಕೂಗಾಡಿದ. ನನಗೆ ಅವನ ಮೇಲೆ ಪ್ರೀತಿಯಿದೆ. ಆದರೂ ಮಾರುಕಟ್ಟೆಯದೇ ಸರಿಯೆಂದು ಹೇಳಬೇಕಾಯಿತು. ಬರಿಯ ಓಟಕ್ಕೆ ಬೆಲೆಯಾದರೆ ಇಂದಿನ ಹೊಸ ಕಾರು ಇದಕ್ಕಿಂತ ಚೆನ್ನಾಗಿ ಓಡುತ್ತದೆ. ಕೊಳ್ಳುವವನು ಕೊಳ್ಳುವುದು 1965ರಲ್ಲಿ ನಡೆದುಹೋದ ಒಂದು ಸಂಗತಿಯನ್ನು. ಆ ಸಂಗತಿ ನಡೆದೇ ಇಲ್ಲವಾದರೆ ಬಣ್ಣ ಎಷ್ಟು ಹೊಳೆದರೇನು? ಓಲೆಗರಿಯ ಪ್ರತಿಗಳನ್ನು ನೋಡಿದವರಿಗೆ ಇದು ಗೊತ್ತು. ತಪ್ಪಾಗಿ ನಕಲು ಮಾಡಿದ ಲಿಪಿಕಾರನಿಂದ ಆಗುವ ಹಾನಿ ಅಲ್ಪ. ಛಂದಸ್ಸು ಬಲ್ಲ ಲಿಪಿಕಾರ ತಾನೇ ಅಂದವಾಗಿ ತಿದ್ದಿಟ್ಟರೆ ಮೂಲವನ್ನು ಹುಡುಕುವುದೇ ಕಷ್ಟ.

ಮಾರುಕಟ್ಟೆ ಎಲ್ಲದರಲ್ಲೂ ಸರಿಯೆಂದಲ್ಲ. ಅರವತ್ತರ ದಶಕದ ಕಾರ್ಖಾನೆಗಳು ಅವಸರದಲ್ಲಿ ಬಣ್ಣ ಹೊಡೆದವು. ಬಾಗಿಲಿನ ಸಂದುಗಳು ಒಂದೊಂದು ಕಡೆ ಒಂದೊಂದು ಅಗಲ. ಇವನ್ನೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನೇರ್ಪಡಿಸಿದ ಕಾರನ್ನು "ಹೊಸದಕ್ಕಿಂತ ಮೇಲು" ಎಂದು ಕ್ಯಾಟಲಾಗು ಹೊಗಳುತ್ತದೆ. ಹೊಸದಕ್ಕಿಂತ ಮೇಲಾದದ್ದು ಆ ಕಾರ್ಖಾನೆ ಎಂದೂ ಮಾಡದ ಕಾರು. ಅದಕ್ಕೆ ಹೆಚ್ಚಿಗೆ ಹಣ ಕೊಡುವವರು ಕಮ್ಮಾರನ ಕೈಕೆಲಸಕ್ಕೆ ಕೊಡುತ್ತಿದ್ದಾರೆ. ಅದೂ ನ್ಯಾಯವಾದ ಕೂಲಿಯೇ, ಆದರೆ ಬೇರೆ ಲೆಕ್ಕ.

2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ಬಂದ ಮಸ್ಟಾಂಗಿನ ಸಮಾಚಾರ ಇಲ್ಲಿ ನೆನೆಯತಕ್ಕದ್ದು. 1968ರ "ಬುಲಿಟ್" ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಕಾರು ಅದು. 1974ರಲ್ಲಿ ಒಂದು ಕುಟುಂಬ ಸುಮಾರು 6,000 ಡಾಲರಿಗೆ ಕೊಂಡು, ಮನೆಯ ಓಡಾಟಕ್ಕೆ ಬಳಸಿತು. 1977ರಲ್ಲಿ ಮೆಕ್ವೀನರೇ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. ಹರಾಜಿಗೆ ಬಂದಾಗ ಬಣ್ಣ ಮಾಸಿತ್ತು, ತುಕ್ಕಿತ್ತು. ಕ್ಯಾಮರಾ ನಿಲ್ಲಿಸಲು ಚಿತ್ರದವರು ಅಡಿಯಲ್ಲಿ ಬೆಸೆದಿದ್ದ ಕೊಳವೆಗಳು ಹಾಗೇ ಇದ್ದವು. ಶುಲ್ಕ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು. ಅಚ್ಚುಕಟ್ಟಾದ ಜೀರ್ಣೋದ್ಧಾರಕನೊಬ್ಬ ಮೊದಲು ಕತ್ತರಿಸಿ ಎಸೆಯುತ್ತಿದ್ದದ್ದು ಆ ಕೊಳವೆಗಳನ್ನೇ. ಚಿತ್ರತಾರೆಯ ಕಾರಿನಿಂದ ಎಲ್ಲ ಕಾರುಗಳಿಗೂ ನಿಯಮ ಮಾಡಲಾಗದು, ಒಪ್ಪಿದೆ. ಆದರೆ ಬೆಸುಗೆಯ ಆ ಗುರುತುಗಳನ್ನು ಅಳಿಸಿದ್ದರೆ ತಾರೆಯ ಕಾರೆಂದು ನಂಬುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಗೆಳೆಯ ಎರಡು ವಾರ ಮಾತಾಡಲಿಲ್ಲ. ಆಮೇಲೆ ಹೊಸ ವರ್ಣನೆಯೊಂದು ಬಂತು. "1965ರ ಪಾಂಟಿಯಾಕ್ ಲೆಮಾನ್ಸ್. ಮೂಲ ಎಂಜಿನ್ ಇಲ್ಲ. ಜಿ.ಟಿ.ಒ.ದಂತೆ ಮಾರ್ಪಡಿಸಿದೆ. ಕೆಲಸ ಮಾಡಿದವನು ಈಗಿನ ಮಾಲೀಕ. ಕಾರ್ಖಾನೆಯ ಬಿಲ್ಲಿನ ನಕಲು ಜೊತೆಗಿದೆ." ಎರಡು ತಿಂಗಳಲ್ಲಿ ನಾನು ಓದಿದ ಕ್ಯಾಟಲಾಗು ಗದ್ಯದಲ್ಲಿ ತಿದ್ದಲು ಏನೂ ಇಲ್ಲದ ಬರಹ ಇದೊಂದೇ. ಕೇಳುವ ಬೆಲೆಯನ್ನೂ ಅವನೇ ಇಳಿಸಿದ್ದ. ಮುಂದಿನ ಜಾಲರಿಯ ಮೇಲಿನ ಜಿ.ಟಿ.ಒ. ಅಕ್ಷರಗಳನ್ನು ಕಿತ್ತುಹಾಕಲೇ ಎಂದು ಕೊನೆಗೊಂದು ಪ್ರಶ್ನೆ. ಇರಲಿ ಬಿಡು, ಮೊದಲ ಸಾಲಿನಲ್ಲೇ ಹೇಳಿದ್ದೀಯಲ್ಲ ಎಂದು ಬರೆದಿದ್ದೇನೆ.